ದೂರು ಹೇಳಲಾಗದವರ ಮನೆ

ಮರೆವಿನ ಕಾಯಿಲೆಯ ಹಿರಿಯರನ್ನು ಇಟ್ಟುಕೊಳ್ಳುವ ಮನೆ ನೋಡಲು ಹೋದವರಿಗೆ ಮೊದಲು ತೋರಿಸುವುದು ಕಟ್ಟಡವನ್ನು. ಗ್ರಾನೈಟ್ ನೆಲ, ಸಾಲು ಮಂಚ, ಮೂಲೆಮೂಲೆಗೆ ಸಿ.ಸಿ. ಕ್ಯಾಮೆರಾ, ಒಂದು ದೇವರ ಕೋಣೆ. ನಾವು ಹೋಗುವುದೂ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಅಷ್ಟರಲ್ಲಿ ಎಲ್ಲರಿಗೂ ಸ್ನಾನವಾಗಿ, ಹಣೆಗೆ ವಿಭೂತಿಯೋ ಕುಂಕುಮವೋ ಬಿದ್ದು, ಕುರ್ಚಿಗಳಲ್ಲಿ ಕೂರಿಸಿ ಆಗಿರುತ್ತದೆ. ನೋಡಿದ ಮಕ್ಕಳಿಗೆ ಮನಸ್ಸು ಹಗುರಾಗುತ್ತದೆ, ಅಡ್ವಾನ್ಸ್ ಕಟ್ಟಿ ಬರುತ್ತಾರೆ. ಆದರೆ ಡಿಮೆನ್ಷಿಯಾ ಇರುವವರಿಗೆ ತಳಮಳ ಏಳುವುದು ಹೊತ್ತು ಇಳಿಯುವಾಗ, ಆಮೇಲೆ ನಡುರಾತ್ರಿಯಲ್ಲಿ. ಆ ಹೊತ್ತಿನಲ್ಲಿ ಅಲ್ಲಿ ಎಷ್ಟು ಜನ ಎಚ್ಚರ ಇರುತ್ತಾರೆ, ಇದ್ದವರು ಏನು ಮಾಡುತ್ತಾರೆ ಎಂಬುದರಿಂದ ಆ ಮನೆಯನ್ನು ಅಳೆಯಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಹೀಗೆ ಒತ್ತಿ ಹೇಳಲು ಕಾರಣವಿದೆ. ನಮ್ಮ ಮೇಲ್ವಿಚಾರಣೆಯೆಲ್ಲ ನಿಂತಿರುವುದು ದೂರಿನ ಮೇಲೆ. ಹಾಸ್ಟೆಲಿನ ಊಟದಲ್ಲಿ ಹುಳ ಬಂದರೆ ಹುಡುಗರು ತಟ್ಟೆ ಹಿಡಿದು ರಸ್ತೆಗೆ ಬರುತ್ತಾರೆ, ಮಾರನೆಯ ದಿನ ತಹಶೀಲ್ದಾರರು ಬರುತ್ತಾರೆ. ಆದರೆ ಮರೆವಿನ ಕಾಯಿಲೆಯವರು ನಿನ್ನೆ ರಾತ್ರಿ ನನ್ನ ಕೈಯನ್ನು ಮಂಚಕ್ಕೆ ಕಟ್ಟಿದ್ದರು ಎಂದು ಹೇಳಬೇಕಾದರೆ ನಿನ್ನೆಯ ರಾತ್ರಿ ನೆನಪಿರಬೇಕು. ನೆನಪಿದ್ದು ಹೇಳಿದರೂ ನಂಬುವವರು ಬೇಕು. 'ಅವರ್ಗೆ ಗ್ಯಾನ ಇಲ್ಲ ಸಾರ್, ಏನೇನೋ ಅಂತಾರೆ' ಎಂಬ ಒಂದು ಮಾತಿಗೆ ಆ ದೂರು ಅಲ್ಲೇ ಮುಗಿಯುತ್ತದೆ. ದೂರು ಹೇಳಲಾಗದವರು ಇರುವ ಕಡೆ ದೂರಿಗಾಗಿ ಕಾಯುವುದೆಂದರೆ ಅವರನ್ನು ಕೈಬಿಟ್ಟಂತೆಯೇ. ಇಲ್ಲಿ ಬೇಕಾದದ್ದು ಮೊದಲೇ ಗೊತ್ತುಮಾಡಿದ ಮಟ್ಟ, ಮತ್ತು ಹೇಳದೆ ಕೇಳದೆ ಬಂದು ಅದನ್ನು ನೋಡುವ ಕಣ್ಣು.

ಚಿತ್ರದುರ್ಗ ಜಿಲ್ಲೆಯ ನಮ್ಮ ತುರುವನೂರಿನಂಥ ಹೋಬಳಿ ಊರಿನವರಿಗೆ ಈ ಚಿಂತೆ ಯಾಕೆ, ಅದೆಲ್ಲ ಬೆಂಗಳೂರಿನ ಉಳ್ಳವರ ಕಾಯಿಲೆಯಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಅದು ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಶಾಲೆಯ ಮುಖ ಕಾಣದವರಲ್ಲಿ ಹೆಚ್ಚು. ಈ ಮೂರನ್ನೂ ಕೂಡಿಸಿದರೆ ಎದುರಿಗೆ ಬರುವುದು ನಮ್ಮ ಕೇರಿಯ ಅಜ್ಜಿಯೇ. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ಸುಮ್ಮನಾಗಿದ್ದರಿಂದ ಆಕೆ ಯಾವ ಆಸ್ಪತ್ರೆಯ ಪುಸ್ತಕದಲ್ಲೂ ದಾಖಲಾಗಿಲ್ಲ, ಅಷ್ಟೆ. ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೋ ದಾವಣಗೆರೆಗೋ ಹೋದ ಮೇಲೆ, ಸೊಸೆಯೂ ಕೂಲಿಗೆ ಹೋಗುವ ಮನೆಯಲ್ಲಿ, ಇಡೀ ದಿನ ಒಬ್ಬರನ್ನು ಕಾಯುವವರು ಯಾರು? ಬಾಗಿಲಿಗೆ ಚಿಲಕ ಹಾಕಿ ಹೊಲಕ್ಕೆ ಹೋಗುತ್ತಾರೆ. ಅವರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಾನಿದ್ದರೂ ಬೇರೆ ದಾರಿ ಕಾಣುತ್ತಿರಲಿಲ್ಲ.

ಈಗ ಇರುವ ಮನೆಗಳು ಯಾರಿಗಾಗಿ ಸಜ್ಜಾಗಿವೆ ಎಂದು ನೋಡಿ. ನಿವೃತ್ತ ಅಧಿಕಾರಿಗಳಿಗೆ, ಮೇಷ್ಟರಿಗೆ, ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಯರಿಗೆ. ಪತ್ರಿಕೆ, ಪದಬಂಧ, ಕೇರಂ, ಟಿ.ವಿ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಜೀವಮಾನವೆಲ್ಲ ಶೇಂಗಾ ಬಿಡಿಸಿ, ರಾಗಿ ಕೇರಿ, ದನ ಕಟ್ಟಿದ ಕೈಗೆ ಪದಬಂಧದಿಂದ ಏನಾಗಬೇಕು? ಒಂದು ಮೊರ ಶೇಂಗಾಕಾಯಿ ಮುಂದಿಟ್ಟರೆ ಆ ಕೈ ತಾನೇ ಕೆಲಸ ಹಿಡಿಯುತ್ತದೆ. ಹೆಸರು ಮರೆತರೂ ಕಸುಬು ಬೆರಳಲ್ಲಿ ಬಹಳ ಕಾಲ ಉಳಿದಿರುತ್ತದೆ.

ನಮ್ಮ ಕಡೆಯ ಒಬ್ಬ ಅಜ್ಜಿಯನ್ನು ಮಗ ದೂರದ ನಗರದ ಒಂದು ಮನೆಯಲ್ಲಿ ಬಿಟ್ಟಿದ್ದ. ಸಂಜೆಯಾದರೆ ಅವರು ಎದ್ದು ಬಾಗಿಲಿಗೆ ಹೋಗುತ್ತಿದ್ದರು: 'ದನ ಬಂದಾವೆ, ಕಟ್ಟಾಕಬೇಕು, ಬಾಗ್ಲು ತೆಗೀರವ್ವಾ.' ಅಲ್ಲಿ ಒಬ್ಬ ಆಯಾ, 'ಇಲ್ಲಿ ಯಾವ ದನ ಅಜ್ಜಿ? ಸುಮ್ನೆ ಕೂತ್ಕೋ' ಎಂದು ತೋಳು ಹಿಡಿದು ಕೂರಿಸುತ್ತಿದ್ದಳು. ಅಜ್ಜಿ ಕಿರುಚುತ್ತಿದ್ದರು, ಪರಚುತ್ತಿದ್ದರು, ಕೊನೆಗೆ ಮಾತ್ರೆ. ಪಾಳಿ ಬದಲಾದ ದಿನ ಚಳ್ಳಕೆರೆ ಕಡೆಯ ಇನ್ನೊಬ್ಬಳು ಬರುತ್ತಿದ್ದಳು. ಅವಳು ಅಜ್ಜಿಯ ಕೈ ಹಿಡಿದು, 'ಬಾರಜ್ಜಿ, ನೋಡ್ಕಂಡು ಬರಾನ' ಎಂದು ಗೇಟಿನವರೆಗೆ ಹೋಗಿ, ಗೋಡೆಯ ಪಕ್ಕ ಒಂದು ಸುತ್ತು ಹಾಕಿ, 'ಎಲ್ಲ ಕಟ್ಟಾಕೀವಿ, ನೀರೂ ಕುಡ್ಸೀವಿ, ಇನ್ನ ಉಣ್ಣಾನ' ಎನ್ನುತ್ತಿದ್ದಳು. ಅಜ್ಜಿ ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು. ಹತ್ತು ನಿಮಿಷದ ಕೆಲಸ. ಒಳ್ಳೆಯ ಮನಸ್ಸು ಮಾತ್ರ ಇದ್ದರೆ ಇದು ನಡೆಯುವುದಿಲ್ಲ ಎಂಬುದನ್ನು ಮರೆಯಬಾರದು. ಅವಳೊಬ್ಬಳ ಮೇಲೆ ಇಪ್ಪತ್ತು ಜನರ ಊಟ, ಡೈಪರ್, ಹಾಸಿಗೆ ಬಿದ್ದಿದ್ದರೆ ಗೇಟಿನವರೆಗೆ ನಡೆಯಲು ಅವಳಿಗೆ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು? ಮೊದಲನೆಯ ಆಯಾ ಕೆಟ್ಟವಳೆಂದು ತೀರ್ಮಾನಿಸುವ ಮೊದಲು ಆ ಸಂಜೆ ಅವಳ ಪಾಲಿಗೆ ಎಷ್ಟು ಜನ ಇದ್ದರೆಂದು ಕೇಳಬೇಕಿತ್ತು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇಂಥ ವ್ಯತ್ಯಾಸದ ಬಗ್ಗೆಯೇ. ಮಿದುಳು ಸವೆಯುವುದರಿಂದ ಆಗುವ ಹಾನಿ ಒಂದು ಕಡೆ. ಸುತ್ತಲಿನವರು ಆ ವ್ಯಕ್ತಿಯನ್ನು ಮಗುವಿನಂತೆ ಗದರಿಸಿ, ಎದುರಿಗೇ ಇಲ್ಲದವರಂತೆ ಮಾತಾಡಿ, ಸುಳ್ಳು ಹೇಳಿ ಹೆದರಿಸಿ ಮಾಡುವ ಹಾನಿ ಇನ್ನೊಂದು ಕಡೆ. ಎರಡನೆಯದು ಕಾಯಿಲೆಯಲ್ಲ, ಅದನ್ನು ನಿಲ್ಲಿಸಬಹುದು. ಹಾಗಾದರೆ ಆ ಚಳ್ಳಕೆರೆಯ ಹೆಣ್ಣುಮಗಳು ದನ ಕಟ್ಟಿದ್ದೇವೆ ಎಂದದ್ದೂ ಸುಳ್ಳಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸಣ್ಣದಲ್ಲ, ಇದನ್ನು ಕುರಿತು ತಿಳಿದವರಲ್ಲೇ ಒಮ್ಮತವಿಲ್ಲ. ನನ್ನ ಮಟ್ಟಿಗೆ, ತನ್ನ ಕೆಲಸ ಹಗುರಾಗಲೆಂದು ಹೇಳುವ ಸುಳ್ಳಿಗೂ, ಅವರ ಭಯ ಇಳಿಯಲೆಂದು ಅವರ ಜೊತೆ ನಡೆದು ಆಡುವ ಮಾತಿಗೂ ವ್ಯತ್ಯಾಸವಿದೆ. ಆ ಅಜ್ಜಿಗೆ ಬೇಕಾಗಿದ್ದು ದನಗಳ ಲೆಕ್ಕವಲ್ಲ, ಹೊತ್ತು ಮುಳುಗುವಾಗ ತನ್ನ ಜವಾಬ್ದಾರಿ ಮುಗಿದಿದೆ ಎಂಬ ಸಮಾಧಾನ.

ಮಾತ್ರೆಯ ಸಂಗತಿ ಇನ್ನೂ ಗಂಭೀರ. ಕಿರುಚುವವರನ್ನು ಸುಮ್ಮನಾಗಿಸಲು ಕೊಡುವ ಆಂಟಿಸೈಕೋಟಿಕ್ ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು. 2009ರಲ್ಲಿ ಬ್ರಿಟನ್ನಿನಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿ ಕೊಟ್ಟ ವರದಿ ಇನ್ನೂ ಬಿಚ್ಚಿ ಹೇಳಿತು: ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದ ಸುಮಾರು 1,80,000 ಮಂದಿಯಲ್ಲಿ ಪ್ರಯೋಜನ ಕಂಡವರು ಹೆಚ್ಚೆಂದರೆ 36,000, ವರ್ಷಕ್ಕೆ ಹೆಚ್ಚುವರಿ ಸಾವು 1,800. ಅಷ್ಟು ತಪಾಸಣೆ ಇರುವ ದೇಶದಲ್ಲೇ ಹೀಗೆ. ನಮ್ಮಲ್ಲಿ ಯಾವ ಮನೆಯಲ್ಲಿ ಯಾರಿಗೆ ಏನು ಕೊಡುತ್ತಿದ್ದಾರೆ ಎಂದು ಎಣಿಸಿದವರೇ ಇಲ್ಲದಿದ್ದರೆ, ಹಗಲು ಹನ್ನೊಂದಕ್ಕೆ ಕುರ್ಚಿಯಲ್ಲಿ ಅಲುಗದೆ ಕೂತಿರುವ ಅಜ್ಜನನ್ನು ಕಂಡು ಎಷ್ಟು ಶಾಂತವಾಗಿದ್ದಾರೆ ಎಂದು ನಾವು ಮೆಚ್ಚಿಕೊಂಡು ಬರುತ್ತೇವೆ. ಯಾವ ಮಾತ್ರೆ, ಯಾಕೆ, ಎಂದಿನಿಂದ, ನಿಲ್ಲಿಸುವುದು ಯಾವಾಗ ಎಂಬ ಒಂದು ಹಾಳೆ ಪ್ರತಿ ಮಂಚದ ಬಳಿ ಇರಲೇಬೇಕು.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರಲ್ಲಿ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ನೆನಪಿನ ಮತ್ತು ಸ್ಥಳಕಾಲದ ಅರಿವಿನ ತೀವ್ರ ತೊಂದರೆಗಳೂ ಸೇರಿವೆ. ಅಂದರೆ ಡಿಮೆನ್ಷಿಯಾ ಅದರೊಳಗೇ ಬರುತ್ತದೆ. ಸರಪಳಿ ಹಾಕುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಅದೂ ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟು ಹೊತ್ತು ಮಾತ್ರ ಹಿಡಿದಿಡಬಹುದು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಹಾಗೆ ಮಾಡುವಂತಿಲ್ಲ ಎಂದು ಕಾಯ್ದೆ ಬಿಡಿಸಿ ಬರೆದಿದೆ. ಈ ಸಾಲು ಬರೆದವರು ಇಂಥ ಜಾಗಗಳನ್ನು ಒಳಗಿನಿಂದ ಕಂಡವರೇ ಇರಬೇಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ತೊಡಿಸುವಂತಿಲ್ಲ, ತಮ್ಮ ಬಟ್ಟೆ ತೊಡುವ ಹಕ್ಕು ಅವರಿಗಿದೆ. ನೋಂದಾಯಿತ ಕೇಂದ್ರಗಳಿಗೆ ಮೂರು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಂಥ ತಪಾಸಣೆಯೂ ಇದೆ. ತೊಡಕು ಇರುವುದು ಬೋರ್ಡಿನಲ್ಲಿ. ಬಾಗಿಲ ಮೇಲೆ ವೃದ್ಧಾಶ್ರಮ ಎಂದು ಬರೆಸಿದರೆ ಈ ಕಾಯ್ದೆಯ ಕಡೆ ತಿರುಗಿಯೂ ನೋಡದೆ ಡಿಮೆನ್ಷಿಯಾದವರನ್ನು ಇಟ್ಟುಕೊಳ್ಳಬಹುದು. ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗುವ ಮನೆ ಕಟ್ಟಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಒಳಗಿನ ಆರೈಕೆ ಹೇಗಿರಬೇಕೆಂಬುದು ಅಲ್ಲಿ ತೆಳುವಾಗಿದೆ. ಆ ಕೊರತೆ ತುಂಬಲು 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿ ಮಸೂದೆ ಕಾಯ್ದೆಯಾಗಲಿಲ್ಲ.

ಕೂಡಿಹಾಕದಿದ್ದರೆ ಹೊರಗೆ ಹೋಗಿ ಕಳೆದುಹೋದಾರು ಎಂಬ ಭಯ ನಿಜವಾದದ್ದು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಮಾಡಿದ ವೆಂಕೋಬರಾಯರು ಕಾಣೆಯಾದಾಗ ನಾಡಿನ ಎಷ್ಟೋ ಮನೆಗಳಿಗೆ ತಮ್ಮ ಮನೆಯದೇ ಕಥೆ ಎನ್ನಿಸಿತು. ಆದರೆ ಆ ಭಯಕ್ಕೆ ಬೀಗ ಒಂದೇ ಉತ್ತರವಲ್ಲ. ಸುತ್ತಿ ಬಂದರೆ ಹೊರಟಲ್ಲಿಗೇ ಬಂದು ಸೇರುವ ಅಂಗಳ, ಕೂರಲು ಜಗಲಿ, ಜೊತೆಗೆ ನಡೆಯಲು ಒಬ್ಬರು ಇದ್ದರೆ ಬೀಗದ ಕೆಲಸ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಊಟದ ಮಾತಿಗೆ ಬಂದರೆ, ಮುದ್ದೆ ಉಂಡು ಬೆಳೆದವರಿಗೆ ದಿನವೂ ಚಪಾತಿ ಕೊಟ್ಟು 'ಊಟ ಮಾಡಲ್ಲ' ಎಂದು ಬರೆದುಕೊಳ್ಳುವುದು ಆರೈಕೆಯಲ್ಲ. ಕಾಯಿಲೆ ಬಲಿತಂತೆ ನುಂಗುವುದೇ ಕಷ್ಟ. ತೆಳ್ಳಗಿನ ನೀರು, ಸಾರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಹಲವರು ಹೋಗುವುದು ಅದರಿಂದಲೇ. ಬೆನ್ನು ನೆಟ್ಟಗೆ ಕೂರಿಸಿ, ಗಟ್ಟಿಯಾಗಿ ಕಾಸಿದ ರಾಗಿ ಅಂಬಲಿಯನ್ನು ಚಿಕ್ಕ ಚಮಚದಲ್ಲಿ, ಮೊದಲ ಗುಟುಕು ಇಳಿಯಿತೆಂದು ಗಂಟಲು ನೋಡಿಕೊಂಡು ಎರಡನೆಯದು ಕೊಡಬೇಕು. ಒಬ್ಬರಿಗೆ ಉಣಿಸಲು ಅರ್ಧ ಗಂಟೆ ಬೇಕಾದೀತು. ಅಡುಗೆಮನೆ ಎಷ್ಟು ಥಳಥಳಿಸಿದರೂ ಈ ಅರ್ಧ ಗಂಟೆ ಕೊಡಲಾಗದಿದ್ದರೆ ಆ ಮನೆ ಉಣಿಸುತ್ತಿಲ್ಲ.

ಅವರು ಯಾರಾಗಿದ್ದರು ಎಂಬುದು ಆರೈಕೆ ಮಾಡುವವರಿಗೆ ಗೊತ್ತಿರಬೇಕು. ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಜನ ಈಚಲ ಮರ ಕಡಿದು ಸತ್ಯಾಗ್ರಹ ಮಾಡಿದರು, ಬಂಧನಗಳಾದವು. ಅಂದು ಐದಾರು ವರ್ಷದ ಮಕ್ಕಳಾಗಿದ್ದವರಿಗೆ ಇಂದು ತೊಂಬತ್ತು ದಾಟಿದೆ. ಈ ಕಾಯಿಲೆಯಲ್ಲಿ ಮೊನ್ನೆಯದು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಅಂಥವರೊಬ್ಬರು ನಡುರಾತ್ರಿ ಎದ್ದು 'ಪೋಲೀಸ್ರು ಬಂದ್ರು, ಅಪ್ಪನ್ನ ಹಿಡ್ಕಂಡು ಹೋದ್ರು' ಎಂದರೆ, ಈ ಊರು ತಿಳಿಯದವರು ಅದನ್ನು ಭ್ರಮೆ ಎಂದು ಬರೆದು ಮಾತ್ರೆ ಹೆಚ್ಚಿಸುತ್ತಾರೆ. ತಿಳಿದವರು ಪಕ್ಕದಲ್ಲಿ ಕೂತು 'ಆಮೇಲೆ ಏನಾತಜ್ಜ?' ಎಂದು ಕೇಳುತ್ತಾರೆ. ಸೇರಿಸಿಕೊಳ್ಳುವಾಗ ಆಧಾರ್ ಕಾರ್ಡಿನ ಜೆರಾಕ್ಸ್ ಜೊತೆಗೆ ಒಂದು ಪುಟದ ಜೀವನ ಕಥೆಯನ್ನೂ ಮನೆಯವರಿಂದ ಬರೆಸಿಕೊಳ್ಳಲು ಎಷ್ಟು ಖರ್ಚಾದೀತು?

ಖರ್ಚಿನ ಆಕ್ಷೇಪವನ್ನು ತಳ್ಳಿಹಾಕಲಾಗದು. ಕಟ್ಟುನಿಟ್ಟು ಮಾಡಿದರೆ ದಾನದ ಮೇಲೆ ನಡೆಯುವ ಸಣ್ಣ ಆಶ್ರಮಗಳು ಬಾಗಿಲು ಹಾಕುತ್ತವೆ, ಆಗ ಈ ಹಿರಿಯರು ಬಸ್ ಸ್ಟ್ಯಾಂಡಿನಲ್ಲಿ ಬೀಳುತ್ತಾರೆ ಎಂದು ಆ ಆಶ್ರಮ ನಡೆಸುವವರೇ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಮೇಲೆ ಹೇಳಿದವುಗಳಲ್ಲಿ ಅರ್ಧಕ್ಕೆ ಹಣ ಬೇಕಿಲ್ಲ. ಕಟ್ಟದಿರಲು, ತಲೆ ಬೋಳಿಸದಿರಲು, ಅವರ ಸೀರೆ ಅವರಿಗೇ ಉಡಿಸಲು, ಹೆಸರು ಹಿಡಿದು ಕರೆಯಲು, ಮಕ್ಕಳು ರಾತ್ರಿ ಎಂಟಕ್ಕೆ ಬಂದರೂ ಒಳಗೆ ಬಿಡಲು ಯಾವ ದಾನಿಯೂ ಬೇಕಿಲ್ಲ. ಇವನ್ನು ಎಲ್ಲ ಮನೆಗೂ, ಎಷ್ಟೇ ಬಡವಾಗಿರಲಿ, ಇಂದೇ ಕಡ್ಡಾಯ ಮಾಡಬಹುದು. ಹಣ ಬೇಕಾಗುವುದು ಕೈಗಳಿಗೆ, ಅದರಲ್ಲೂ ರಾತ್ರಿ ಪಾಳಿಯ ಕೈಗಳಿಗೆ. ಅದನ್ನು ಸರ್ಕಾರ ಕೊಡಬೇಕು. ಹಿರಿಯರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಒಬ್ಬರ ಡೈಪರ್ ಖರ್ಚೂ ಹುಟ್ಟುವುದಿಲ್ಲ.

ಸಾಧ್ಯವೇ ಎಂದರೆ, ನಮ್ಮ ಪಕ್ಕದ ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ಒಂದು ಇಡೀ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಮುಟ್ಟಿಸಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದ. 2022ರಲ್ಲಿ ಶುರುವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಕೋಲಾರ, ಚಿಕ್ಕಬಳ್ಳಾಪುರಗಳಿಂದ ಅದೇ ಹಾದಿ ಹಿಡಿಯಿತು. ಕೇರಳ ಸರ್ಕಾರ ಎರ್ನಾಕುಲಂ ಜಿಲ್ಲೆಯ ಎಡವನಕ್ಕಾಡಿನಲ್ಲಿ ಡಿಮೆನ್ಷಿಯಾದವರಿಗೆಂದೇ ಮನೆ ತೆರೆದು ವರ್ಷಗಳಾದವು. ಕೇಂದ್ರದ ಹಿರಿಯ ನಾಗರಿಕರ ಯೋಜನೆಯಲ್ಲಿ ಅಲ್ಝೈಮರ್ ಇರುವವರಿಗಾಗಿ ಇಪ್ಪತ್ತು ಜನರ ಮನೆ ನಡೆಸಲು ಅನುದಾನವಿದೆ. ಚಿತ್ರದುರ್ಗದಂಥ ಜಿಲ್ಲೆಗೆ ಹೇಳಿ ಮಾಡಿಸಿದ ಅಳತೆ ಅದು: ನೂರೈವತ್ತು ಮಂಚದ ಒಂದು ದೊಡ್ಡ ಕಟ್ಟಡಕ್ಕಿಂತ ಇಪ್ಪತ್ತು ಇಪ್ಪತ್ತು ಜನರ ಮನೆಗಳು, ಮಕ್ಕಳು ಬಸ್ಸಿನಲ್ಲಿ ಹೋಗಿ ಸಂಜೆ ನೋಡಿಕೊಂಡು ಬರುವಷ್ಟು ಹತ್ತಿರ, ಅಲ್ಲಿನವರ ಮಾತು ಆಡುವ ಆಯಾಗಳು. ಈ ಕೆಲಸಕ್ಕೆ ತರಬೇತಿ ಕೊಟ್ಟು, ಗಾರ್ಮೆಂಟ್ಸಿನಷ್ಟಾದರೂ ಸಂಬಳ ಕೊಟ್ಟರೆ ನಮ್ಮ ಹೋಬಳಿಯ ಹೆಣ್ಣುಮಕ್ಕಳೇ ಬರುತ್ತಾರೆ. ಈಗ ಅವರು ಆ ಕೆಲಸವನ್ನು ಮನೆಯಲ್ಲಿ ಸಂಬಳವಿಲ್ಲದೆ, ಯಾರ ನೆರವೂ ಇಲ್ಲದೆ, ಕೂಲಿ ಬಿಟ್ಟು ಮಾಡುತ್ತಿದ್ದಾರೆ.