ಒಂದು ಚಿತ್ರ ನೋಡಿ ಕಳ್ಳ ಅನ್ನಬ್ಯಾಡ್ರಿ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಸ್ಟ್ಯಾಂಡಿನಿಂದ ಜೂನಿಯರ್ ಒಬ್ಬನ ಸೈಕಲ್ ಮಾಯವಾಯಿತು. ಸಂಜೆ 6ಕ್ಕೆ ಇತ್ತು, ಮುಂಜಾನೆ 6ಕ್ಕೆ ಇಲ್ಲ. ಸಿಸಿಟಿವಿ ನೋಡೋಣ ಅಂತ ಸೆಕ್ಯೂರಿಟಿ ರೂಮಿಗೆ ಹೋದೆವು. ವಾಚ್‌ಮನ್ ಕಾಕಾ ಫಾಸ್ಟ್ ಫಾರ್ವರ್ಡ್ ಒತ್ತಿ ಕೂತರು. 12 ತಾಸಿನ ಫುಟೇಜು; 8 ಪಟ್ಟು ವೇಗದಲ್ಲಿ ಓಡಿಸಿದರೂ ಒಂದೂವರೆ ತಾಸು ಬೇಕು. "ಕಣ್ಣ ಮಂಜ ಆಗ್ತಾವ ನೋಡ್ರಪಾ" ಅಂದರು.

ಆಗ ನಮ್ಮಲ್ಲೊಬ್ಬ ಡಿವಿಆರ್ ಮೆನುವಿನಲ್ಲಿ ಥಂಬ್‌ನೇಲ್ ಹುಡುಕಾಟ ಇರೋದನ್ನು ಕಂಡ. ಡೇಟಾ ಸ್ಟ್ರಕ್ಚರ್ ಕ್ಲಾಸಿನ ಬೈನರಿ ಸರ್ಚ್ ನೆನಪಿದೆಯಲ್ಲ? ಅದರ ಅಣ್ಣನೇ ಇದು. 12 ತಾಸನ್ನು 24 ಭಾಗ ಮಾಡಿ, ಪ್ರತಿ ಅರ್ಧ ತಾಸಿಗೊಂದು ಸಣ್ಣ ಚಿತ್ರ ತೋರಿಸುತ್ತದೆ. ಯಾವ ಚಿತ್ರದವರೆಗೆ ಸೈಕಲ್ ಇದೆ, ಯಾವುದರಿಂದ ಇಲ್ಲ ಅಂತ ನೋಡಿ, ಆ ನಡುವಿನ ಅರ್ಧ ತಾಸನ್ನು ಮತ್ತೆ 24 ಭಾಗ ಮಾಡಿದರೆ 75 ಸೆಕೆಂಡಿಗೊಂದು ಚಿತ್ರ. ಇನ್ನೊಮ್ಮೆ ಮಾಡಿದರೆ ಸುಮಾರು 3 ಸೆಕೆಂಡು. ಮೂರೇ ಹೆಜ್ಜೆ!

ಆದರೆ ನಾವು ಮೊದಲ ಹೆಜ್ಜೆಗೇ ನಿಂತುಬಿಟ್ಟೆವು. ಸೈಕಲ್ ಕಾಣುವ ಕೊನೆಯ ಚಿತ್ರದಲ್ಲಿ ಮೆಸ್ಸಿನ ಅಣ್ಣ ಒಬ್ಬರು ಅದರ ಪಕ್ಕ ನಿಂತಿದ್ದರು. ಯಾರೋ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಊಟದ ಹೊತ್ತಿಗೆ ಇಡೀ ಹಾಸ್ಟೆಲ್‌ನಲ್ಲಿ ಅವರು ಕಳ್ಳ ಆಗಿದ್ದರು. ಅವರ ಕೆಲಸಕ್ಕೇ ಕುತ್ತು ಬರೋದಿತ್ತು. ಸಂಜೆ ಉಳಿದ ಎರಡು ಹೆಜ್ಜೆ ಮುಗಿಸಿದಾಗ ಗೊತ್ತಾಯಿತು: ಅವರು ತಮ್ಮ ಸೈಕಲ್ ತಗೊಂಡು ಮನೆಗೆ ಹೋಗಿದ್ದರು. ಅದಾದ 20 ನಿಮಿಷಕ್ಕೆ, ಕಳೆದುಕೊಂಡವನ ದೋಸ್ತನೇ ಕೊನೇ ಚಿಗರಿ ಬಸ್ ಹಿಡಿಯಲು ಹೇಳದೇ ಕೇಳದೇ ಅವನ ಸೈಕಲ್ ಒಯ್ದಿದ್ದ.

ತಪ್ಪು ಮಷೀನಿನದಲ್ಲ, ನಮ್ಮದು. ಈ ವಿಧಾನ ಹೇಳೋದು ಒಂದೇ: ಬದಲಾವಣೆ ಈ ಎರಡು ಚಿತ್ರಗಳ ನಡುವೆ ಆಗಿದೆ. ಯಾರು ಮಾಡಿದರು ಅಂತ ಹೇಳೋದಿಲ್ಲ. ಇನ್ನೊಂದು ಮಾತು: ಹೋದ ವಸ್ತು ಹೋಗೇ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಗೇಟಿನಲ್ಲಿ 5 ಸೆಕೆಂಡು ಹಾದುಹೋದವರು ಅರ್ಧ ತಾಸಿನ ಚಿತ್ರಗಳಲ್ಲಿ ಸಿಗೋದು ಅದೃಷ್ಟ. ಅಂಥದ್ದಕ್ಕೆ ಪೂರ್ತಿ ಫುಟೇಜು ನೋಡಲೇಬೇಕು.

ಕ್ಯಾಂಪಸ್ಸಿಗೆ ಇನ್ನೂ ಹತ್ತು ಕ್ಯಾಮೆರಾ ಬೇಕು ಅನ್ನೋರಿಗೆ ನಮ್ಮದೊಂದು ಮಾತು. ಮೊದಲು ಇದ್ದದ್ದನ್ನು ನೋಡಲು ಕಲಿಯೋಣ. ಕಾಕಾನಂಥವರಿಗೆ ಒಂದು ಮಧ್ಯಾಹ್ನ ಕೂತು ಇದನ್ನು ಕಲಿಸುವುದು ನಮಗೇನು ಭಾರ? ಜನ ಸೇರುವ ಸಂಸ್ಥೆಗಳು ಫುಟೇಜನ್ನು 30 ದಿನ ಇಟ್ಟುಕೊಳ್ಳಬೇಕು ಅಂತ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಆಮೇಲೆ ಅದರ ಮೇಲೆ ಹೊಸದು ಬಂದು ಕೂರಬಹುದು. ಹಾಗಾಗಿ ದೂರು ಬೇಗ ಕೊಡಬೇಕು. ನಿಜವಾದ ಕಳವಾದರೆ ಮೊಬೈಲಿನಲ್ಲಿ ಹೊಡೆದ ಫೋಟೋ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಹ್ಯಾಶ್ ಮೌಲ್ಯ ಇರುವ ಪ್ರಮಾಣಪತ್ರ ಕೊಡಬೇಕು. ಗ್ರೂಪಿಗೆ ಹಾಕಿದ ಚಿತ್ರ ಹೆಸರು ಕೆಡಿಸುತ್ತದೆ ಅಷ್ಟೇ.

ಮೆಸ್ಸಿನ ಅಣ್ಣನ ಹತ್ತಿರ ಹೋಗಿ ತಪ್ಪಾಯಿತ್ರೀ ಅಂದೆವು. ಗ್ರೂಪಿನಲ್ಲಿ ಫೋಟೋ ನೋಡಿದವರು ಮುನ್ನೂರು ಮಂದಿ, ಕ್ಷಮೆ ಕೇಳಲು ಹೋದವರು ನಾವು ನಾಲ್ವರು. ಉಳಿದವರಿಗೂ ಗೊತ್ತಾಗಲಿ ಅಂತಲೇ ಇದನ್ನು ಬರೆದಿದ್ದೇವೆ.