ಕಡತದ ಬದಿಯಿಂದ: ಒಂದೇ ಅಡ್ಡಹೆಸರಿನವರು

ಭಾನುವಾರದ ದಿನ ಅಬಿಡ್ಸಿನ ರಸ್ತೆಬದಿಯಲ್ಲಿ ಹಳೆಯ ಪುಸ್ತಕಗಳ ಸಂತೆ ನೆರೆಯುವುದನ್ನು ಈ ಊರಿನ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಬಾಗಿಲು ಮುಚ್ಚಿದ ಅಂಗಡಿಗಳ ಮುಂದೆ ಟಾರ್ಪಾಲು ಹಾಸಿ, ಷೇಕ್ಸ್‌ಪಿಯರನನ್ನೂ ಹಳೆಯ ಎಂಜಿನಿಯರಿಂಗ್ ಗೈಡುಗಳನ್ನೂ ಒಂದೇ ರಾಶಿಯಲ್ಲಿ ಸುರಿದಿರುತ್ತಾರೆ. ಅಲ್ಲಿ ಒಂದು ಸುತ್ತು ಹಾಕಿ, ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು, ಬರಿಗೈಯಲ್ಲಿ ಮನೆಗೆ ಬಂದರೆ ನಮ್ಮ ಮನೆಯಾಕೆಗೆ ಸಂತೋಷ. ಏನಾದರೂ ಹಿಡಿದು ಬಂದರೆ ಸಂತೋಷ ನಮಗೆ ಮಾತ್ರ.

ಹೋದ ತಿಂಗಳು ಹೀಗೆ ಹಿಡಿದು ತಂದದ್ದು ಜೆನ್ ಬೌದ್ಧಮತದ ಮೇಲಿನ ಒಂದು ಇಂಗ್ಲಿಷ್ ಪುಸ್ತಕ, ಡಿ.ಟಿ. ಸುಝುಕಿ ಎಂಬವರದು. ನಮ್ಮ ಹತ್ತು ವರ್ಷದ ಮಗಳು ರಕ್ಷಾಪುಟ ನೋಡಿ, "ಅಪ್ಪಾ, ಕಾರ್ ಮಾಡಿದವರs ಇದನ್ನೂ ಬರದಾರೇನು?" ಎಂದಳು. ನಗು ಬಂತು. ಆದರೆ ಉತ್ತರ ಬಾಯಿಗೆ ಬರಲಿಲ್ಲ. ಬಿ.ಎ. ಪಾಸು ಮಾಡಿದವರ ಮಾನ ಉಳಿಸಿಕೊಳ್ಳಬೇಕೆಂದು ಅಂದೇ ರಾತ್ರಿ ಹುಡುಕಿ ನೋಡಿದೆವು.

ಕಾರಿನ ಸುಝುಕಿ ಮಿಚಿಯೊ ಸುಝುಕಿ. 1909ರಲ್ಲಿ ಹಮಾಮತ್ಸು ಎಂಬ ಊರಿನಲ್ಲಿ ಮೊದಲು ಅವರು ಹಾಕಿದ್ದು ಮಗ್ಗದ ಕಾರಖಾನೆ. ಮೋಟಾರು ಆಮೇಲಿನ ಮಾತು. ಪುಸ್ತಕದ ಸುಝುಕಿ 1870ರಿಂದ 1966ರವರೆಗೆ ಬಾಳಿ, ಜೆನ್ ಎಂಬ ಮಾತನ್ನು ಪಶ್ಚಿಮದವರ ಮನೆಮಾತಾಗಿಸಿದವರು. ಇವರಿಬ್ಬರಲ್ಲದೆ ಪಿಟೀಲಿನ ಸುಝುಕಿ ಒಬ್ಬರಿದ್ದಾರೆ, ಶಿನಿಚಿ ಸುಝುಕಿ. ಮಗು ತಾಯಿಮಾತನ್ನು ಕೇಳಿ ಕೇಳಿ ಕಲಿಯುವಂತೆ ವಾದ್ಯವನ್ನೂ ಕಲಿಯಬಲ್ಲದು ಎಂದು ಹೇಳಿ, ಮೂರು ನಾಲ್ಕು ವರ್ಷದ ಮಕ್ಕಳ ಕೈಗೆ ಪಿಟೀಲು ಕೊಟ್ಟವರು. ನೂರು ವರ್ಷ ಸಮೀಪಿಸಿ 1998ರಲ್ಲಿ ತೀರಿಕೊಂಡರು. ಮೂವರೂ ಒಂದೇ ಮನೆಯವರಲ್ಲ. ಜಪಾನಿನಲ್ಲಿ ಸಾತೋ ಬಿಟ್ಟರೆ ಸುಝುಕಿಗಳೇ ಹೆಚ್ಚಂತೆ.

ಅಲ್ಲಿ ಸಾಮಾನ್ಯ ಜನ ಸರಕಾರಿ ದಫ್ತರದಲ್ಲಿ ಅಡ್ಡಹೆಸರು ಬರೆಸುವಂತಿರಲಿಲ್ಲ. ಮೇಜಿಯವರ ಆಳ್ವಿಕೆಯಲ್ಲಿ, 1870ರಲ್ಲಿ, ಬರೆಸಬಹುದು ಎಂದರು. 1875ರಲ್ಲಿ ಬರೆಸಲೇಬೇಕು ಎಂದರು. ತನಕಾ ಎಂದರೆ ಗದ್ದೆಯ ನಡುವಿನವನು, ಯಮಮೊಟೊ ಎಂದರೆ ಬೆಟ್ಟದ ಬುಡದವನು. ಇದನ್ನು ಓದಿ ನಮಗೆ ಜಪಾನು ತೀರ ಹತ್ತಿರ ಬಂದಂತಾಯಿತು. ನಮ್ಮ ಕಡೆ ತೋಟದ, ಗುಡ್ಡದ, ಹಳ್ಳದ ಇಲ್ಲವೆ? ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಅಡ್ಡಹೆಸರುಗಳನ್ನು ಒಟ್ಟು ಮಾಡಿದರೆ ಒಂದು ಹೊತ್ತಿನ ಅಡಿಗೆಯೇ ಆದೀತು. ಆ ಸೊಗಸು ಜಪಾನಿನವರಲ್ಲಿ ಉಂಟೋ ಇಲ್ಲವೋ.

ಮಗಳು ಅಷ್ಟಕ್ಕೆ ಬಿಡಲಿಲ್ಲ. "ಹಂಗಾರ ನಮ್ಮದು?" ಎಂದಳು.

ನಮ್ಮದು ಎಂದರೆ ಕುಲಕರ್ಣಿ. ಆದರೆ ನಮ್ಮ ಸರ್ಟಿಫಿಕೇಟುಗಳಲ್ಲಿ ಅದಿಲ್ಲ. ನಮ್ಮ ಹೆಸರು, ಅದರ ಹಿಂದೆ ತಂದೆಯವರ ಹೆಸರಿನ ಮೊದಲಕ್ಷರ, ಇಷ್ಟೇ. ಆ ಕಥೆಗೆ ಆಮೇಲೆ ಬರುತ್ತೇವೆ.

ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಕುಲಕರ್ಣಿಗಳಿಗೇನೂ ಬರವಿಲ್ಲ. ಒಬ್ಬರು ಕೊಟ್ಟ ವರ್ಗಣಿಯ ರಸೀದಿ ಇನ್ನೊಬ್ಬ ಕುಲಕರ್ಣಿಯವರ ಮನೆಗೆ ಹೋಗಿ, ಅವರು ಅದನ್ನು ಭದ್ರವಾಗಿ ಇಟ್ಟುಕೊಂಡ ಪ್ರಸಂಗ ಹಳಬರಿಗೆ ನೆನಪಿರಬಹುದು. ಜಾತಿ ಊರು ವಿಚಾರಿಸದೆ ಎಲ್ಲ ಕುಲಕರ್ಣಿಗಳನ್ನೂ ಒಂದು ಚಾಪೆಯ ಮೇಲೆ ಕೂಡಿಸಿದರೆ ಎಂಥೆಂಥವರು ಬಂದಾರು ಎಂದು ಮಗಳಿಗೆ ಹೇಳಹೊರಟೆವು.

ಮೊದಲು ಕೂಡಬೇಕಾದವರು ವೆಂಕಟೇಶ ತಿರಕೋ ಕುಲಕರ್ಣಿಯವರು. ಯಾರಿವರು ಎನ್ನುವಿರಾ? ಗಳಗನಾಥರು! ಹುಟ್ಟಿದ ಹಾವೇರಿ ಸೀಮೆಯ ಊರಿನ ಹೆಸರನ್ನೇ ಇಟ್ಟುಕೊಂಡು ಅಡ್ಡಹೆಸರನ್ನು ಮರೆಸಿಬಿಟ್ಟರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಮೇಷ್ಟ್ರು, ಕನ್ನಡದಲ್ಲಿ ಓದುವವರೇ ಇಲ್ಲ ಎಂಬ ಕಾಲದಲ್ಲಿ ಕಾದಂಬರಿಗಳನ್ನು ಬರೆದರು. 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ನಡೆಸಿದರು. ಬರೆದರೆ ಸಾಕೆ? ಪುಸ್ತಕದ ಗಂಟು ಹೊತ್ತು ಊರೂರು ನಡೆದು ತಾವೇ ಮಾರಿದರು. ವಿಜಯನಗರದ ಸ್ಥಾಪನೆಯ ಕಥೆಯಾದ 'ಮಾಧವ ಕರುಣಾವಿಲಾಸ'ವನ್ನು ನಮ್ಮ ಅಜ್ಜಿಯಂಥವರು ದೀಪದ ಬೆಳಕಿನಲ್ಲಿ ಓದಿಸಿ ಕೇಳಿದ್ದುಂಟು. ಮೂರು ತಿಂಗಳಿಗೊಮ್ಮೆ ಬರುವ ಈ ಸಂಚಿಕೆಯನ್ನು ಮನೆಮನೆಗೆ ಮುಟ್ಟಿಸುವುದರಲ್ಲೇ ಏದುಸಿರು ಬಿಡುವ ನಾವು ಅವರ ಮುಂದೆ ಕೂಡಲೂ ಯೋಗ್ಯರಲ್ಲ.

ಅವರ ಪಕ್ಕದಲ್ಲಿ ಇನ್ನೊಬ್ಬ ಮರೆಯಾದ ಕುಲಕರ್ಣಿ: ಆರ್.ಬಿ. ಕುಲಕರ್ಣಿಯವರು. 'ರಾವಬಹಾದ್ದೂರ' ಎಂದರೆ ಗುರುತು ಹತ್ತುತ್ತದೆ. ಇಂಗ್ಲಿಷರು ಕೊಡುತ್ತಿದ್ದ ಬಿರುದನ್ನು ಅವರನ್ನು ಕೇಳದೆಯೇ ಕಾವ್ಯನಾಮ ಮಾಡಿಕೊಂಡ ಧೈರ್ಯ ಮೆಚ್ಚುವಂಥದು. ಅವರ 'ಗ್ರಾಮಾಯಣ' ಕನ್ನಡದ ದೊಡ್ಡ ಕಾದಂಬರಿಗಳಲ್ಲಿ ಒಂದು. ಒಂದು ಹಳ್ಳಿ ತನ್ನವರ ಕೈಯಿಂದಲೇ ಹಾಳಾಗುವ ಕಥೆ. ಹಳ್ಳಿಯ ಅಧಿಕಾರದ ಒಳಗುಟ್ಟನ್ನು ಬರೆಯಲು ಕುಲಕರ್ಣಿಗಿಂತ ಯೋಗ್ಯ ಯಾರು!

ಮೂರನೆಯವರು ಜಿ.ಎ. ಕುಲಕರ್ಣಿ. ಬೆಳಗಾವಿಯಲ್ಲಿ ಬೆಳೆದು, ಧಾರವಾಡದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಆಯುಷ್ಯದ ಬಹುಭಾಗ ಕಳೆದು, ಬರೆದದ್ದು ಮಾತ್ರ ಮರಾಠಿಯಲ್ಲಿ. ಮರಾಠಿ ಸಣ್ಣಕಥೆಯಲ್ಲಿ ಅವರದು ಬಲು ದೊಡ್ಡ ಹೆಸರು. 'ಕಾಜಳಮಾಯಾ' ಸಂಗ್ರಹಕ್ಕೆ 1973ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಪ್ರಕಟಣೆಯ ತಾರೀಖಿನ ಬಗ್ಗೆ ತಕರಾರು ಎದ್ದಾಗ ಬಹುಮಾನವನ್ನು ತಿರುಗಿ ಕೊಟ್ಟುಬಿಟ್ಟರು. ತಾರೀಖಿನ ತಕರಾರು ಎದ್ದರೆ ಕಡತವನ್ನು ಪಕ್ಕದ ಮೇಜಿಗೆ ಸರಿಸುವ ನಮ್ಮಂಥವರಿಗೆ ಇದು ಅರ್ಥವಾಗುವುದು ಕಷ್ಟ.

ಇನ್ನು ಹುಬ್ಬಳ್ಳಿಯ ಮನೆಯೊಂದರ ಮಕ್ಕಳು. ಅಕ್ಕ ಸುಧಾ ಕುಲಕರ್ಣಿ. ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಕೂಡದು ಎಂದಿದ್ದುದನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದು, ಅಲ್ಲಿ ಎಂಜಿನಿಯರಾದವರು. ಮುಂದೆ ಸುಧಾ ಮೂರ್ತಿ ಎಂದು ಹೆಸರಾದರು. ತಮ್ಮ ಶ್ರೀನಿವಾಸ ಕುಲಕರ್ಣಿ ಖಗೋಲ ವಿಜ್ಞಾನಿ. 1982ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಒಂದು ಸೆಕೆಂಡಿಗೆ 642 ಸಲ ತಿರುಗುವ ನಕ್ಷತ್ರವನ್ನು ಕಂಡ ತಂಡದಲ್ಲಿ ಇದ್ದರು. 1995ರಲ್ಲಿ, ನಕ್ಷತ್ರವಾಗಲು ಸಾಲದೆ ಕಂದಿ ಉಳಿದ 'ಕಂದು ಕುಬ್ಜ' ಎಂಬ ಕಾಯವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು. 2024ರಲ್ಲಿ ಶಾ ಪ್ರಶಸ್ತಿ ಬಂತು. ಕುಲಕರ್ಣಿ ಎಂದ ಮೇಲೆ ಲೆಕ್ಕ ಇಡಬೇಕಲ್ಲ. ಹೊಲಗಳ ಬದಲು ನಕ್ಷತ್ರಗಳ ಲೆಕ್ಕ. ಇವರ ಇನ್ನೊಬ್ಬ ಅಕ್ಕತಂಗಿ ಜಯಶ್ರೀ ಅವರು ಉದ್ಯಮಿ ಗುರುರಾಜ ದೇಶಪಾಂಡೆಯವರನ್ನು ಮದುವೆಯಾದರು. ಕುಲಕರ್ಣಿಯದು ಹಳ್ಳಿಯ ಲೆಕ್ಕ, ದೇಶಪಾಂಡೆಯದು ಇಡೀ ಪರಗಣೆಯದು. ಹಳೆಯ ದಫ್ತರದ ಲೆಕ್ಕದಲ್ಲಿ ಇದು ಬಡ್ತಿಯೇ ಸರಿ.

ಮಗಳಿಗೆ ಎಲ್ಲರಿಗಿಂತ ಹಿಡಿಸಿದವರು ಕ್ರಿಕೆಟ್ಟಿನ ನಿಲೇಶ ಕುಲಕರ್ಣಿ. 1997ರ ಆಗಸ್ಟ್, ಕೊಲಂಬೊ. ಮೊದಲ ಟೆಸ್ಟಿನ ಮೊದಲ ಚೆಂಡಿಗೇ ಅಟ್ಟಪಟ್ಟು ಔಟು! ಭಾರತದವರಲ್ಲಿ ಅದುವರೆಗೆ ಯಾರೂ ಮಾಡದ್ದು. ಆಮೇಲೆ? ಆಮೇಲೆ ಶ್ರೀಲಂಕಾದವರು 6 ವಿಕೆಟ್ಟಿಗೆ 952 ಓಟ ಹೊಡೆದರು. ನಿಲೇಶರು 70 ಓವರು ಹಾಕಿ 195 ಓಟ ಕೊಟ್ಟು, ಇನ್ನೊಂದು ವಿಕೆಟ್ಟು ಕಾಣಲಿಲ್ಲ. ಸರಕಾರಿ ನೌಕರಿಗೆ ಸೇರಿದ ಮೊದಲ ದಿನ ಸಾಹೇಬರಿಂದ ಶಹಬಾಸ್‌ಗಿರಿ ಪಡೆದು ಉಳಿದ ಇಪ್ಪತ್ತೊಂಬತ್ತು ವರ್ಷ ಅದನ್ನೇ ನೆನೆಯುವವರನ್ನು ನಾವು ಬಲ್ಲೆವು.

ಅದಿರಲಿ. ಇವರೆಲ್ಲರ ಹಿಂದೆ ಒಬ್ಬ ಹೆಸರಿಲ್ಲದ ಕುಲಕರ್ಣಿ ಇದ್ದಾನೆ: ಚಾವಡಿಯ ಕುಲಕರ್ಣಿ. 'ಕುಳ' ಎಂದರೆ ಕಂದಾಯ ಕೊಡುವವನು. ಕುಳಗಳ ಲೆಕ್ಕ ಬರೆಯುವ ಕರಣಿಕನೇ ಕುಲಕರ್ಣಿ ಎಂದು ಅರ್ಥ ಹೇಳುವುದುಂಟು. ಮೈಸೂರು ಕಡೆ ಶಾನುಭೋಗ, ತೆಲುಗರಲ್ಲಿ ಕರಣಂ, ನಿಜಾಮರ ಸೀಮೆಯಲ್ಲಿ ಪಟವಾರಿ, ಎಲ್ಲ ಅವನೇ. ಯಾರ ಹೊಲ ಎಷ್ಟು, ಯಾರು ಉಳುತ್ತಾರೆ, ಯಾರ ಬಾಕಿ ಎಷ್ಟು, ಎಲ್ಲವೂ ಅವನ ದಫ್ತರದಲ್ಲಿ. ಓದುಬರಹ ಊರಿಗೆ ಒಬ್ಬಿಬ್ಬರದು; ಅವನು ಬರೆದದ್ದೇ ನಿಜ. ಅಧಿಕಾರ ತಂದೆಯಿಂದ ಮಗನಿಗೆ. ಕೊಲ್ಲಾಪುರದ ಶಾಹು ಮಹಾರಾಜರು 1918ರಲ್ಲೇ ತಮ್ಮ ಸೀಮೆಯಲ್ಲಿ ಕುಲಕರ್ಣಿ ವತನ ತೆಗೆದು ಸಂಬಳದ ತಲಾಟಿಗಳನ್ನು ಇಟ್ಟರು. ಮುಂಬಯಿ ಪ್ರಾಂತದಲ್ಲಿ 1950ರ ಕಾನೂನು ಬಂತು. ಮೈಸೂರು ರಾಜ್ಯದಲ್ಲಿ 1961ರ ಕಾನೂನಿನಂತೆ 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ಹೋಯಿತು. ಈ ತೆಲುಗು ಸೀಮೆಯಲ್ಲಿ ಅದು 1984ರವರೆಗೆ ಉಳಿದು, ಎನ್.ಟಿ. ರಾಮರಾಯರ ಕಾಲದಲ್ಲಿ ಹೋಯಿತು. ಅಧಿಕಾರ ಹೋಯಿತು, ಅಡ್ಡಹೆಸರು ಉಳಿಯಿತು.

ನಮ್ಮ ಅಜ್ಜ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಥ ಕೊನೆಯ ಕುಲಕರ್ಣಿ. ಅಕ್ಷರ ಮುತ್ತಿನಂಥದು ಎಂದು ಕೇಳಿದ್ದೇವೆ. ಅಪ್ಪ ಮ್ಯಾಟ್ರಿಕ್ ಅರ್ಜಿ ತುಂಬುವಾಗ ಅಡ್ಡಹೆಸರು ಬಿಟ್ಟರು. ಯಾಕೆಂದು ನಾವು ಕೇಳಿದಾಗಲೆಲ್ಲ "ಉದ್ದ ಆಗ್ತಿತ್ತು" ಎಂದು ತೇಲಿಸುತ್ತಿದ್ದರು.

ಈಗ ಮಗಳನ್ನು ಬೇರೆ ಶಾಲೆಗೆ ಹಾಕಬೇಕು. ಕಂಪ್ಯೂಟರಿನಲ್ಲಿ ತುಂಬುವ ಅರ್ಜಿ; ಅಡ್ಡಹೆಸರಿನ ಕಾಲಂ ಮುಂದೆ ಕೆಂಪು ಚುಕ್ಕಿ. ತುಂಬದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ನಮ್ಮ ಕಚೇರಿಯ ಕಂಪ್ಯೂಟರಂತೂ ಅಪ್ಪನ ಹೆಸರನ್ನೇ ನಮ್ಮ ಅಡ್ಡಹೆಸರೆಂದು ತಿಳಿದು ಸುಮ್ಮನಾಗಿದೆ. ಗಳಗನಾಥರನ್ನೂ ನಕ್ಷತ್ರದವರನ್ನೂ ಕೇಳಿ ಉಬ್ಬಿದ್ದ ಮಗಳು ಕುಲಕರ್ಣಿ ಎಂದೇ ಬರೆಯುವುದೆಂದು ಹಟ ಹಿಡಿದಳು. ನಮ್ಮಾಕೆ, "ಮಾವನವರನ್ನ ಒಂದು ಮಾತು ಕೇಳ್ರಿ" ಎಂದಳು.

ಅಪ್ಪ ಒಳಗಿನ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೆಂದು ತೋರುತ್ತದೆ. ಹೊರಗೆ ಬಂದು ಕುಳಿತರು. ಮಗಳನ್ನು ಕರೆದು ಹತ್ತಿರ ಕೂಡಿಸಿಕೊಂಡರು. ಹೇಳಿದ್ದು ಮಗಳಿಗೆ; ಕೇಳಿದ್ದು ನಾವೆಲ್ಲರೂ.

ಅಪ್ಪನಿಗೆ ಆಗ ಹತ್ತು ವರ್ಷವಂತೆ. ಊರಲ್ಲಿ ಒಬ್ಬ ವಿಧವೆ. ಗಂಡನ ನಾಲ್ಕು ಎಕರೆ ಎರಿ ಹೊಲವನ್ನು ಆಕೆಯೇ ಆಳಿಟ್ಟು ಮಾಡಿಸುತ್ತಿದ್ದಳು. ಒಂದು ವರ್ಷ ಪಹಣಿಯ ಸಾಗುವಳಿ ಕಾಲಮಿನಲ್ಲಿ ಆಕೆಯ ಮೈದುನನ ಹೆಸರು ಬಂತು. ಮರುವರ್ಷವೂ ಬಂತು. ಬರೆದವರು ಅಜ್ಜ. ಮೈದುನ ಏನು ಕೊಟ್ಟಿದ್ದನೋ, ಅಥವಾ ಹೆಂಗಸಿನ ಹೆಸರಲ್ಲಿ ಹೊಲ ಯಾಕೆಂದು ಅಜ್ಜನೇ ತಿಳಿದರೋ, ಅಪ್ಪನಿಗೆ ಗೊತ್ತಿಲ್ಲ. ಆಕೆ ಬಂದು ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತಳು. ಬೈಯಲಿಲ್ಲ, ಅಳಲಿಲ್ಲ. ಮೂರು ದಿನ ಬಂದು ನಿಂತಳು. ಬಿಸಿಲು. ಮೂರನೆಯ ದಿನ ಅಪ್ಪ ತಂಬಿಗೆಯಲ್ಲಿ ನೀರು ಒಯ್ದು ಕೊಟ್ಟರು. ಆಕೆ ತಂಬಿಗೆ ಇಸಿದುಕೊಂಡು ನೆಲದ ಮೇಲಿಟ್ಟು, "ಚೊಲೋ ಓದಪ್ಪಾ" ಎಂದು ಹೋದಳು. ಮತ್ತೆ ಬರಲಿಲ್ಲ. ಮುಂದಿನ ವರ್ಷ ಕುಲಕರ್ಣಿಕಿಯೇ ಹೋಯಿತು. ಹೊಲ ಮೈದುನನಲ್ಲೇ ಉಳಿಯಿತು.

"ಹಂಗಂತ ನೀನು ಬಿಡಬೇಕಂತಲ್ಲ," ಎಂದರು ಅಪ್ಪ. "ನನಗ ಬರಿಯೂದು ಆಗಲಿಲ್ಲ, ಅಷ್ಟ. ನೀ ಬರಿ. ಗೊತ್ತಿದ್ದು ಬರಿ."

ಅಜ್ಜ ನಮ್ಮನ್ನು ತೊಡೆಯ ಮೇಲೆ ಕೂಡಿಸಿಕೊಂಡು ಓಂ ನಾಮ ತಿದ್ದಿಸಿದವರು. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮ ಮೇಜಿನ ಮೇಲೂ ದಿನಕ್ಕೆ ನಲವತ್ತು ಅರ್ಜಿ ಬರುತ್ತವೆ; ಯಾವ ಕಾಲಮಿನಲ್ಲಿ ಯಾರ ಹೆಸರು ಎಂದು ಬರೆಯುವವರು ನಾವೂ. ಮುಂದಿನ ವಾರ ನೋಡೋಣ ಎಂದು ಕಳಿಸಿದವರಲ್ಲಿ ಎಷ್ಟು ಜನ ಮೂರು ದಿನ ನಿಂತವರಿದ್ದರೋ, ನಾವು ತಲೆ ಎತ್ತಿ ನೋಡಿದ್ದು ಕಡಿಮೆ.

ಮಗಳು ಬಹಳ ಹೊತ್ತು ಸುಮ್ಮನಿದ್ದು, "ಆ ಅಜ್ಜಿ ಹೆಸರೇನಿತ್ತು, ತಾತಾ?" ಎಂದಳು.

ಅಪ್ಪನಿಗೆ ನೆನಪಿರಲಿಲ್ಲ. ಊರವರೆಲ್ಲ ಆಕೆಯನ್ನು ಇಂಥವನ ಹೆಂಡತಿ ಎಂದೇ ಕರೆಯುತ್ತಿದ್ದರಂತೆ. ಹೆಸರು ಇದ್ದದ್ದು ಹಳೆಯ ಪಹಣಿಯಲ್ಲಿ ಮಾತ್ರ.

ಅರ್ಜಿಯ ಕಡೆಯ ದಿನ ಸೋಮವಾರ. ಮಗಳು ಕುಲಕರ್ಣಿ ಎಂದೇ ಬರೆದಳು. ಪುಟ ತೆರೆಯಿತು. ಮುಂದಿನ ರಜೆಯಲ್ಲಿ ತಾತನನ್ನು ಕರೆದುಕೊಂಡು ಊರಿಗೆ ಹೋಗಿ, ತಾಲೂಕು ಕಚೇರಿಯಲ್ಲಿ ಹಳೆಯ ಪಹಣಿ ತೆಗೆಸಿ ನೋಡಬೇಕೆಂದು ಅವಳ ಅಪ್ಪಣೆಯಾಗಿದೆ. ನಕಲಿಗೆ ಅರ್ಜಿ ಹಾಕುವ ಕ್ರಮ ನಮಗೆ ಗೊತ್ತು, ಹಾಕಿದ್ದೇವೆ.