ತಿಳಿನೀರನ್ನೂ ಸಂದೇಹಿಸಿದ ವಿಜ್ಞಾನಿ

ತಿಳಿಯಾಗಿರುವ ನೀರೆಲ್ಲ ಕುಡಿಯಲು ಯೋಗ್ಯವೆಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಕೆರೆಯ ನೀರು ಕದಡಿದ್ದರೆ ಸೋಸುತ್ತೇವೆ, ಅನುಮಾನವಾದರೆ ಕುದಿಸುತ್ತೇವೆ; ಕೊಳವೆಬಾವಿಯ ತಣ್ಣನೆಯ ನೀರನ್ನು ಮಾತ್ರ ಸಂದೇಹಿಸುವುದಿಲ್ಲ. ಈ ನಂಬಿಕೆಯಿಂದ ಎಂತಹ ಕೇಡು ಒದಗೀತೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಡಾ. ದೀಪಂಕರ್ ಚಕ್ರವರ್ತಿಯವರು ಪ್ರಮುಖರು.

ಬಂಗಾಳದ ಹಳ್ಳಿಗಳಲ್ಲಿ ಕುಂಟೆಗಳ ನೀರು ಕುಡಿದು ಜನರು ವಾಂತಿಭೇದಿಗೆ ಬಲಿಯಾಗುತ್ತಿದ್ದರು. ಅದನ್ನು ತಪ್ಪಿಸಲೆಂದೇ ಊರೂರಿಗೆ ಕೈಪಂಪುಗಳು ಬಂದವು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ 1983ರಲ್ಲಿ ಕಲ್ಕತ್ತೆಯ ಚರ್ಮರೋಗ ತಜ್ಞ ಡಾ. ಕೆ. ಸಿ. ಸಾಹಾ ಅವರು ವಿಚಿತ್ರ ವ್ಯಾಧಿಯೊಂದನ್ನು ಗುರುತಿಸಿದರು. ರೋಗಿಗಳ ಅಂಗೈ ಅಂಗಾಲುಗಳು ಗಡುಸಾಗಿ ಗಂಟುಗಟ್ಟಿದ್ದವು; ಮೈಮೇಲೆ ಮಳೆಹನಿ ಸಿಡಿದಂತೆ ಕಪ್ಪು ಚುಕ್ಕೆಗಳೆದ್ದಿದ್ದವು. ಕೈಪಂಪಿನ ನೀರಿನಲ್ಲಿದ್ದ ಆರ್ಸೆನಿಕ್ ಎಂಬ ಪಾಷಾಣವೇ ಅದಕ್ಕೆ ಕಾರಣವಾಗಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ.

ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರಾಗಿದ್ದ ಚಕ್ರವರ್ತಿಯವರು 1988ರಲ್ಲಿ ಈ ಕಾರ್ಯಕ್ಕೆ ತೊಡಗಿದರು. ಹಿಮಾಲಯದಿಂದ ನದಿಗಳು ಹೊತ್ತು ತಂದ ಹೂಳಿನಲ್ಲಿ ಆರ್ಸೆನಿಕ್ ಕಬ್ಬಿಣದ ಕಣಗಳಿಗೆ ಅಂಟಿಕೊಂಡಿರುತ್ತದೆ. ಆಮ್ಲಜನಕವಿಲ್ಲದ ನೆಲದಾಳದಲ್ಲಿ ಅದು ಕಳಚಿ ನೀರಿಗೆ ಬೆರೆಯುತ್ತದೆ. ಒಂದು ಮನೆಯ ಕೊಳವೆಯಲ್ಲಿ ವಿಷವಿದ್ದರೆ ನೆರೆಮನೆಯ ಕೊಳವೆಯಲ್ಲಿ ಇಲ್ಲದಿರಬಹುದು. ಆದುದರಿಂದ ಒಂದೊಂದನ್ನೂ ಪರೀಕ್ಷಿಸದೆ ಅನ್ಯ ಮಾರ್ಗವಿರಲಿಲ್ಲ. 20 ವರ್ಷಗಳಲ್ಲಿ ಪಶ್ಚಿಮ ಬಂಗಾಳವೊಂದರಲ್ಲೇ ಅವರ ತಂಡವು 1,40,150 ಕೈಪಂಪುಗಳ ನೀರನ್ನು ಪರೀಕ್ಷಿಸಿತು. ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಶೇಕಡ 48ರಷ್ಟು ಮಾದರಿಗಳು ಮೀರಿದ್ದವು. 2002ರಲ್ಲಿ ಬಿಹಾರದ ಭೋಜಪುರ ಜಿಲ್ಲೆಯಲ್ಲಿಯೂ ಅವರು ಇದೇ ವಿಷವನ್ನು ಕಂಡುಹಿಡಿದರು.

ರೋಗಕ್ಕಿಂತಲೂ ಅದರ ಅಪವಾದ ಘೋರವಾಗಿತ್ತು. ಇದು ಅಂಟುರೋಗವೆಂದು, ಕುಷ್ಠವೆಂದು ಬಗೆದು ಜನರು ಪೀಡಿತರನ್ನು ದೂರವಿರಿಸಿದರು. ಹೆಣ್ಣುಮಕ್ಕಳಿಗೆ ಮದುವೆಯಾಗದಾಯಿತು, ಕೆಲವು ಸೊಸೆಯಂದಿರು ತವರಿಗೆ ಮರಳಬೇಕಾಯಿತು. ತಪ್ಪು ನೀರಿನದು, ಶಿಕ್ಷೆ ಮಗಳಿಗೆ! ಪರೀಕ್ಷೆಯ ಒಂದು ಅಂಕಿ ಎಷ್ಟು ಸಂಸಾರಗಳ ಮಾನ ಕಾಯಬಲ್ಲದೆಂಬುದನ್ನು ನಾವು ಇಲ್ಲಿ ಅರಿಯಬೇಕು.

ಯಂತ್ರ ಕೂರಿಸಿದರೆ ಸಾಕೆಂಬ ಮಾತನ್ನೂ ಅವರು ಒಪ್ಪಲಿಲ್ಲ. ಆರ್ಸೆನಿಕ್ ತೆಗೆಯುವ ಶುದ್ಧೀಕರಣ ಘಟಕಗಳಲ್ಲಿ ಅನೇಕವು ನಿರ್ವಹಣೆಯಿಲ್ಲದೆ ನಿಷ್ಫಲವಾಗಿದ್ದುದನ್ನು ಅವರ ತಂಡದ ಅಧ್ಯಯನವು 2005ರಲ್ಲಿ ಪ್ರಕಟಪಡಿಸಿತು. ಮಳೆಯ ನೀರನ್ನೂ ಕೆರೆ ನದಿಗಳ ನೀರನ್ನೂ ಶುದ್ಧಗೊಳಿಸಿ ಬಳಸುವುದೇ ಸರಿಯಾದ ದಾರಿಯೆಂಬುದು ಅವರ ನಿಲುವಾಗಿತ್ತು. 2018ರಲ್ಲಿ ತೀರಿಕೊಳ್ಳುವವರೆಗೂ ಈ ಕಾಯಕವನ್ನು ಅವರು ಬಿಡಲಿಲ್ಲ.

ಇದು ಬಂಗಾಳದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಹಳೆಯ ಚಿನ್ನದ ಗಣಿಯಿರುವ ನೆಲದ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಇರುವುದನ್ನೂ, ಜನರ ಚರ್ಮದ ಮೇಲಿನ ಅದರ ಗುರುತುಗಳನ್ನೂ ಅವರು ಸಹಭಾಗಿಯಾಗಿದ್ದ 2013ರ ಸಂಶೋಧನೆ ದಾಖಲಿಸಿತು. ಇನ್ನು ಕೋಲಾರ, ಪಾವಗಡ, ಮುಂಡರಗಿಯ ಕಡೆಗಳಲ್ಲಿ ಫ್ಲೋರೈಡ್ ಮಕ್ಕಳ ಹಲ್ಲನ್ನೂ ಹಿರಿಯರ ಎಲುಬನ್ನೂ ಕೆಡಿಸಿರುವುದು ತಿಳಿದ ಸಂಗತಿ.

ಓದುಗ ಬಂಧುಗಳೇ, ನಾವು ಹೊಲಕ್ಕೆ ಬೀಜ ಕೊಳ್ಳುವಾಗ ಹತ್ತು ಸಲ ವಿಚಾರಿಸುತ್ತೇವೆ. ಮಕ್ಕಳಿಗೆ ಕುಡಿಸುವ ನೀರಿನ ವಿಷಯದಲ್ಲಿ ಒಮ್ಮೆಯೂ ವಿಚಾರಿಸುವುದಿಲ್ಲ. ಹೊಸ ಕೊಳವೆಬಾವಿ ಕೊರೆಯಿಸಿದಾಗ ಗಂಗೆಗೆ ಪೂಜೆ ಸಲ್ಲಿಸುವುದು ನಮ್ಮ ರೂಢಿ. ಅದೇ ದಿನ ಒಂದು ಶೀಸೆ ನೀರನ್ನು ಪ್ರಯೋಗಾಲಯಕ್ಕೂ ಕಳುಹಿಸಿಕೊಡೋಣ. ಫಲಿತಾಂಶ ಬರುವ ತನಕ ಆ ನೀರನ್ನು ಮಕ್ಕಳ ಬಾಯಿಗೆ ಹಾಕದಿರೋಣ.